58ರ ಸಿನಿಕ ಸಿಪಾಯಿ: ಪಾತ್ರ ಮುಂದಕ್ಕೇ ಹೋಗ್ತಿಲ್ಲ, ಏನ್ ಮಾಡ್ಲಿ?

ಬೊಮ್ಮಯ್ಯ_58
ತಲೆ ಕೆಟ್ಟು ಹೋಗಿದೆ. ರೋಲ್‌ಪ್ಲೇನಲ್ಲಿ (ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸೋ ಆಟ) ನನ್ನ ಪಾತ್ರಕ್ಕೆ 58 ವರ್ಷ. ಹಳೇ ಸಿಪಾಯಿ, ಯಾರನ್ನೂ ನಂಬಲ್ಲ, ಏನೇ ಬಂದ್ರೂ "ಇಂಥಾದ್ದೆಲ್ಲಾ ನೋಡಿದೀನಿ" ಅಂತಾನೆ. ಶುರುವಲ್ಲಿ ಎಲ್ಲರಿಗೂ ಇಷ್ಟ ಆಗಿದ್ದ. ಈಗ ಅವನಿರೋ ದೃಶ್ಯಕ್ಕೆ ಯಾರೂ ತಲೆ ಹಾಕಲ್ಲ. ಬದಲಾಗ್ಲಿ ಅಂತ ಒಂದು ಅನಾಥ ಮಗು ತಂದುಕೊಟ್ಟೆ. ಬೆಳಗಾಗೋದ್ರೊಳಗೆ ಕರಗಿ ಅಳ್ತಾ ಕೂತ. ಓದೋಕೇ ಮುಜುಗರ, ಅಳಿಸಿದೆ. ಆರ್ಕ್ (ಪಾತ್ರ ಹಂತಹಂತವಾಗಿ ಬದಲಾಗೋ ದಾರಿ) ಪ್ಲ್ಯಾನ್ ಮಾಡೋದು ಹೇಗೆ? "ಹೊಸ ಪಾತ್ರ ಮಾಡಿ" ಅನ್ನೋರು ದಯವಿಟ್ಟು ಬೇಡ.

ಡೈಸ್_ದೊರೆ
ಯಾವ ಕ್ಲಾಸ್, ಯಾವ ಲೆವೆಲ್ ಗುರು? ಡೈಸ್ ಹಾಕಿ ಆಡೋ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) 3.5 ಎಡಿಷನ್‌ನಲ್ಲಿ ಮನುಷ್ಯ 53 ದಾಟಿದ್ರೆ ಮುದುಕ. ಸ್ಟ್ರೆಂತ್ (ಬಲ), ಡೆಕ್ಸ್ (ಚುರುಕು), ಕಾನ್ (ದೇಹದ ತಾಳಿಕೆ) ತಲಾ 3 ಇಳಿಯುತ್ತೆ, ಇಂಟ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ವರ್ಚಸ್ಸು) ತಲಾ 2 ಏರುತ್ತೆ. ಪಾತ್ರದ ಅಂಕಿ ಬರೆಯೋ ಶೀಟ್‌ನಲ್ಲಿ ಇದನ್ನ ಹಾಕಿಲ್ಲ ಅಂದ್ರೆ ವಯಸ್ಸು ಬರೀ ಬಾಯಿಮಾತು.

ಮಲ್ಲಿಗೆ_ಮಾಂತ್ರಿಕ
3.5 ಇನ್ನೂ ಯಾರು ಆಡ್ತಾರೆ ಮಾರಾಯ್ರೆ? 2014ರಲ್ಲಿ ಬಂದ ಅದೇ ಆಟದ ಐದನೇ ಎಡಿಷನ್‌ನಲ್ಲಿ ಆ ವಯಸ್ಸಿನ ಲೆಕ್ಕವೇ ಇಲ್ಲ. ಬ್ಯಾಕ್‌ಗ್ರೌಂಡ್‌ನಲ್ಲಿ ಬಾಂಡ್ (ಪಾತ್ರದ ನಂಟು), ಫ್ಲಾ (ದೌರ್ಬಲ್ಯ) ಅಂತ ಇರುತ್ತಲ್ಲ, ಅವನ್ನ ತಿದ್ದಿ, ಡಿಎಂ (ಆಟ ನಡೆಸೋರು) ಹತ್ರ ಮಾತಾಡಿ.

ಡೈಸ್_ದೊರೆ
ಆ ಲೆಕ್ಕ ತೆಗೆದಿದ್ದೇ ತಪ್ಪು. ಕಾಲ್ ಆಫ್ ಕ್ತುಲ್ಹು ಅನ್ನೋ ಇನ್ನೊಂದು ಆಟದ ಏಳನೇ ಎಡಿಷನ್ ನೋಡಿ: ಐವತ್ತರ ಪ್ರಾಯದವನಿಗೆ ಸ್ಟ್ರೆಂತ್, ಕಾನ್, ಡೆಕ್ಸ್ ಮೂರರ ನಡುವೆ ಹಂಚಿ 10 ಕಳೀಬೇಕು, ಎಜುಕೇಷನ್‌ಗೆ ಮಾತ್ರ 3 ಚೆಕ್ (ಡೈಸ್ ಹಾಕಿ ಅಂಕಿ ಏರಿಸೋ ಅವಕಾಶ) ಸಿಗುತ್ತೆ. ಮಂಡಿ ನೋವು ಅಂಕಿಯಲ್ಲಿ ಬಂದ್ರೆ ಸ್ವಭಾವ ತಾನಾಗೇ ಬರುತ್ತೆ.

ಬೊಮ್ಮಯ್ಯ_58
ಯಾವ ಡಿಎಂ, ಯಾವ ಶೀಟ್? ನಮ್ಮದು ಬರವಣಿಗೆ ಆಟ ಸ್ವಾಮಿ. ಡಿಸ್ಕಾರ್ಡ್ ಚಾಟ್ ಆ್ಯಪಲ್ಲಿ ಒಬ್ಬರಾದ ಮೇಲೊಬ್ಬರು ಪ್ಯಾರಾ ಹಾಕ್ತೀವಿ. ರೋಲ್‌ಪ್ಲೇ ಅಂದ್ಮೇಲೆ ಇದನ್ನೂ ಬಿಡಿಸಿ ಹೇಳ್ಬೇಕಾ? ಪೆನುಕೊಂಡ, 1570ರ ಆಸುಪಾಸು. ಬೊಮ್ಮಯ್ಯ 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ರಾಮರಾಯನ ದಂಡಲ್ಲಿದ್ದು, ರಾಯನ ತಲೆ ಬಿದ್ದ ಸುದ್ದಿ ಕೇಳಿ ಓಡಿಬಂದವನು. ಅವನ ಹಿಂದಿನ ದೃಶ್ಯ:

"ಹುಡುಗ ಕುದುರೆ ಹತ್ತಿ, 'ಕಾವಲಿಗೆ ಹೊರಟೆ ಅಜ್ಜ' ಅಂದ. ಬೊಮ್ಮಯ್ಯ ರೊಟ್ಟಿಗೆ ಹಸಿಮೆಣಸಿನಕಾಯಿ ನಂಚಿಕೊಂಡು, 'ಇಂಥವರನ್ನ ಬೇಕಾದಷ್ಟು ನೋಡಿದೀನಿ' ಅಂತ ಮುಖ ತಿರುಗಿಸಿದ."

ತುಂಗಾತೀರ
1570ರ ಪೆನುಕೊಂಡದಲ್ಲಿ ಹಸಿಮೆಣಸಿನಕಾಯಿನಾ! ಅದು ಪೋರ್ಚುಗೀಸರ ಹಡಗಲ್ಲಿ ಬಂದಿದ್ದು. ಕಾಳುಮೆಣಸು ಅಂತ ತಿದ್ದಿ.

ಮಲ್ಲಿಗೆ_ಮಾಂತ್ರಿಕ
ಗೋವಾ 1510ರಲ್ಲೇ ಅವರ ಕೈಗೆ ಹೋಯ್ತು. ಅರವತ್ತು ವರ್ಷದಲ್ಲಿ ಒಂದು ಗಿಡ ಪೆನುಕೊಂಡ ತಲುಪಲ್ವಾ?

ತುಂಗಾತೀರ
ತಲುಪೋದು ಬೇರೆ, ಬಡ ಸಿಪಾಯಿಯ ರೊಟ್ಟಿ ಪಕ್ಕ ಕೂರೋದು ಬೇರೆ.

ನಿಧಾನಿ
ಮೆಣಸಿನಕಾಯಿ ಆಮೇಲೆ ಅರೀರಿ. ಬೊಮ್ಮಯ್ಯನವರೇ, ನಿಮ್ಮ ಕೊನೇ ಸಾಲು ನೋಡಿ. ಅದಾದ ಮೇಲೆ ಹುಡುಗನ ಪಾತ್ರದವರು ಏನು ಬರೀಬೇಕು? ಮುಖ ತಿರುಗಿಸಿಬಿಟ್ಟ, ಮುಗೀತು. ಅವನು ಸಿನಿಕ ಅನ್ನೋದು ತೊಂದರೆ ಅಲ್ಲ, ಎದುರಿನವರ ಪ್ಯಾರಾಗೆ ಬಾಗಿಲು ಹಾಕ್ತಾನೆ ಅನ್ನೋದು ತೊಂದರೆ. ಅದಕ್ಕೇ ಯಾರೂ ಬರಲ್ಲ.

ಮಗು ತಂದು ಕರಗಿಸೋದು ಬೇಡ. ಕೆಲಸ ಕೊಡಿ. ಬಾಯಿ ಹಾಗೇ ಇರ್ಲಿ, ಕೈ ಬೇರೆ ಮಾತಾಡ್ಲಿ. ಅವನ ಅನುಮಾನ ಆಗಾಗ ನಿಜವೂ ಆಗ್ಬೇಕು, ಇಲ್ಲಾಂದ್ರೆ ಬರೀ ಗೊಣಗೋ ಮುದುಕ ಆಗ್ತಾನೆ.

ಬೊಮ್ಮಯ್ಯ_58
ಬಾಯಲ್ಲಿ ಏನೂ ಬದಲಾಗದಿದ್ರೆ ಬೆಳವಣಿಗೆ ಅಂತ ಓದೋರಿಗೆ ಗೊತ್ತಾಗೋದು ಹೇಗೆ?

ನಿಧಾನಿ
ನಿಮ್ಮದೇ ದೃಶ್ಯ:

"'ಮೂರು ದಿನ ಬದುಕಿದ್ರೆ ಹೆಚ್ಚು' ಅಂತ ಬೊಮ್ಮಯ್ಯ ಗೊಣಗಿದ. ಗೊಣಗುತ್ತಲೇ ಎದ್ದು ಜೀನಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿದ. ಸಡಿಲ. ಬಿಚ್ಚಿ ಇನ್ನೊಂದು ತೂತಿಗೆ ಬಿಗಿದ. 'ಕಟ್ಟೋಕೆ ಕಲಿಸಿದವನು ಯಾರು?'"

ಈಗ ಹುಡುಗ ಉತ್ತರ ಕೊಡ್ಲೇಬೇಕು. ಮುಂದೆ ಒಂದು ಸಲ ನಂಬಿ ಮೋಸ ಹೋಗ್ಲಿ, ಹಿಂದೆ ಸರೀಲಿ. ಆದ್ರೆ ಮೊದಲಿದ್ದ ಜಾಗಕ್ಕೇ ವಾಪಸ್ ಹೋಗ್ಬಾರದು. ಪಟ್ಟಿ ಬಿಗಿಯೋದನ್ನ ಮಾತ್ರ ಬಿಡದಿರ್ಲಿ.

ದೊಡ್ಡ ತಿರುವಿಗೆ ಸರಕು ನಿಮ್ಮ ಹತ್ರವೇ ಇದೆ: ಅವನು ಓಡಿಬಂದವನು. ಅದೇ ತುಕಡಿಯ ಇನ್ನೊಬ್ಬ ಪೆನುಕೊಂಡಕ್ಕೆ ಬರ್ಲಿ, ಆ ದಿನದ ಕತೆ ಬೇರೆ ಥರ ಹೇಳ್ಲಿ. ಆ ಪಾತ್ರ ನೀವು ಬರೀಬೇಡಿ, ಬೇರೆಯವರಿಗೆ ಕೊಡಿ. ಏನು ಹೇಳ್ತಾನೆ ಅಂತ ನಿಮಗೂ ಮೊದಲೇ ಗೊತ್ತಿರಬಾರದು.

ಬೊಮ್ಮಯ್ಯ_58
ಅವನು ನನ್ನ ಪಾತ್ರನ ಹೇಡಿ ಅಂದುಬಿಟ್ರೆ? ಹಿನ್ನೆಲೆ ಪೂರ್ತಿ ಬರೆದಿಟ್ಟಿದೀನಿ.

ನಿಧಾನಿ
ಅನ್ನಲಿ ಬಿಡಿ, ನಿಜ ಇರಬಹುದು. ಗುಂಪಲ್ಲಿ ಮುಂಚೆ ಒಂದು ಮಾತು ಮಾಡ್ಕೊಳ್ಳಿ: ಸಾಯಿಸೋ ಹಾಗಿಲ್ಲ, ನೆನಪನ್ನ ಎಷ್ಟು ಬೇಕಾದ್ರೂ ಕೆದಕಬಹುದು.

ಬೊಮ್ಮಯ್ಯ_58
ಹ್ಮ್. ಗುಂಪಲ್ಲಿ ಕೇಳ್ತೀನಿ. ಒಬ್ಬಳಿದಾಳೆ, ವಾದ ಅಂದ್ರೆ ಪ್ರಾಣ.

ಡೈಸ್_ದೊರೆ
ಬರವಣಿಗೆ ಆಟಕ್ಕೂ ಒಂದು ಡಿ20 (ಇಪ್ಪತ್ತು ಮುಖದ ಡೈಸ್) ಇಟ್ಕೊಳ್ಳಿ, ನಂಬ್ತಾನೋ ಇಲ್ವೋ ಅದೇ ಹೇಳ್ಲಿ. ನಂದು ಹಿತ್ತಾಳೆ ಡೈಸ್ ಸೆಟ್, ಮೇಜಿನ ಮೇಲೆ ಬಿದ್ರೆ ಪಕ್ಕದ ಮನೆಗೂ ಕೇಳುತ್ತೆ. ಡೈಸ್ ಉರುಳಿಸೋ ಟ್ರೇ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಕೊಡಿಸಿ ಮಾಡಿಸಿದ್ದು.

ಮಲ್ಲಿಗೆ_ಮಾಂತ್ರಿಕ
ಹಿತ್ತಾಳೆ ಬಿದ್ರೆ ಅರಗು ಏಳಲ್ವಾ? ಒಳಗೆ ಬಟ್ಟೆ ಹಾಕಿಸಿದೀರಾ? ಫೋಟೋ ಹಾಕಿ.