ಜಠರದ ಬೈಪಾಸ್ ಆದ ಮೇಲೆ ಮುದ್ದೆ, ಅನ್ನ, ಅಂಬಲಿ: ಎಷ್ಟು ತಿನ್ನಬೇಕು, ಹೇಗೆ ತಿನ್ನಬೇಕು?

ಹೇಮಾವತಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವಳು. ಒಂಬತ್ತು ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವುದಕ್ಕಾಗಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಬೈಪಾಸ್ ಎಂದ ಕೂಡಲೇ ನೆಂಟರೆಲ್ಲ ಹೃದಯದ್ದೆಂದು ಗಾಬರಿಯಾಗುವುದರಿಂದ ಹೊಟ್ಟೆಯದೆಂದು ಬಿಡಿಸಿ ಹೇಳುತ್ತಿದ್ದೇನೆ. ಆಗ 118 ಕಿಲೋ ಇದ್ದವಳು ಈಗ 86ಕ್ಕೆ ಬಂದಿದ್ದೇನೆ. ಎಂಟು ವರ್ಷದಿಂದ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರು ನಿಲ್ಲಿಸಿದ್ದಾರೆ.

ನನ್ನ ತೊಂದರೆ ಇರುವುದು ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿನ ಪಿಷ್ಟ ಮತ್ತು ಸಕ್ಕರೆ ಅಂಶದ ವಿಷಯದಲ್ಲಿ. ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಇವೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಮುದ್ದೆ, ಅದರ ಮೇಲೆ ಒಂದಿಷ್ಟು ಅನ್ನ. ರಾಗಿ ಒಳ್ಳೆಯದೆಂಬ ನಂಬಿಕೆಯಿಂದ ಒಂದು ಬೆಳಿಗ್ಗೆ ದೊಡ್ಡ ಲೋಟದ ತುಂಬ ಬೆಲ್ಲ ಹಾಕಿದ ರಾಗಿ ಅಂಬಲಿ ಕುಡಿದೆ. ಇಪ್ಪತ್ತು ನಿಮಿಷದೊಳಗೆ ಎದೆ ಡವಗುಟ್ಟಿ, ಮೈ ಬೆವೆತು, ಹೊಟ್ಟೆ ನುಲಿದು, ಹಾಸಿಗೆ ಹಿಡಿದು ಮಲಗಬೇಕಾಯಿತು. ಗಣೇಶನ ಹಬ್ಬದಂದು ಎರಡು ಹೂರಣದ ಕಡುಬು ತಿಂದಾಗ ಆದದ್ದೇ ಬೇರೆ. ತಿಂದ ಕೂಡಲೇ ಏನೂ ಆಗಲಿಲ್ಲ, ಎರಡು ಗಂಟೆ ಕಳೆದ ಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಕೈ ನಡುಗಿ, ಹಿಡಿದಿದ್ದ ತಟ್ಟೆ ಜಾರಿ ಬಿದ್ದು, ಕಣ್ಣು ಕತ್ತಲೆ ಬಂತು. ಗ್ಲುಕೋಮೀಟರಿನಲ್ಲಿ 52 ಎಂದು ತೋರಿಸಿತು. ಅತ್ತೆಯವರು ನಿಶ್ಶಕ್ತಿಯೆಂದು ಒಂದು ಚೊಂಬು ಬೆಲ್ಲದ ನೀರು ಕುಡಿಸಿದರು. ಸ್ವಲ್ಪ ಹೊತ್ತು ಹಾಯೆನಿಸಿ ಮತ್ತೆ ಹಾಗೆಯೇ ಆಯಿತು.

ಹೆದರಿ ಹತ್ತು ದಿನ ಮುದ್ದೆ, ಅನ್ನ, ಹಣ್ಣು ಎಲ್ಲವನ್ನೂ ಬಿಟ್ಟೆ. ಮಲಬದ್ಧತೆ, ತಲೆಸುತ್ತು ಬಂದವೇ ಹೊರತು ಬೇರೇನೂ ಲಾಭವಾಗಲಿಲ್ಲ. ದಿನಕ್ಕೆ ಎಷ್ಟು ಗ್ರಾಂ ತಿನ್ನಬಹುದು, ಅನ್ನಕ್ಕಿಂತ ರಾಗಿ ಮೇಲೇ, ಹೀಗೆ ಸಕ್ಕರೆ ಇಳಿಯುವುದು ಜೀವಮಾನವಿಡೀ ಇರುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮೈಸೂರು_ಆರು_ವರ್ಷ

ಅಕ್ಕಾ, ನನಗೂ ಇದೇ ಶಸ್ತ್ರಚಿಕಿತ್ಸೆಯಾಗಿ ಆರು ವರ್ಷವಾಯಿತು, ನಾನೂ ಮುದ್ದೆ ಉಂಡು ಬೆಳೆದವನು. ಗ್ರಾಂ ಲೆಕ್ಕವನ್ನು ತಿಳಿದವರು ಹೇಳಲಿ, ನಾನು ಮುದ್ದೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದೇ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಬೈಪಾಸ್ ಆದವರ ಮಟ್ಟಿಗೆ ಆ ಪಾಠವನ್ನು ಮರೆಯಲೇಬೇಕು. ಆಪರೇಷನ್ನಿನಲ್ಲಿ ಉಳಿಸುವ ಜಠರದ ಚೀಲ ಮೊದಮೊದಲು ಸುಮಾರು 30 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ, ಅದರಿಂದ ಕರುಳಿಗೆ ಹೋಗುವ ದಾರಿಯೂ ಬಹಳ ಕಿರಿದು. ನಾನು ಐದನೆಯ ತಿಂಗಳಲ್ಲಿ ಹಳೆಯ ಅಭ್ಯಾಸದಂತೆ ಸೊಪ್ಪಿನ ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿದೆ. ಅದು ಎದೆಯ ಹತ್ತಿರ ಕಲ್ಲಿನಂತೆ ನಿಂತು, ಬಾಯಲ್ಲಿ ನೊರೆ ನೊರೆಯಾದ ಜೊಲ್ಲು ಸುರಿಯತೊಡಗಿ, ಮುಕ್ಕಾಲು ಗಂಟೆ ಬಚ್ಚಲಿನಲ್ಲಿ ಬಗ್ಗಿ ನಿಂತಿದ್ದೆ. ಅಲ್ಲಿಂದ ಈಚೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನಷ್ಟೇ ಬಡಿಸಿಕೊಂಡು, ಹುಣಿಸೆ ಬೀಜದಷ್ಟು ಚೂರು ಮಾಡಿ, ಅಗಿದು ತಿನ್ನುತ್ತೇನೆ. ಹಲ್ಲಿಗೆ ಅಂಟುತ್ತದೆ ನಿಜ, ಮೊದಲ ವಾರ ಬೇಸರವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಅದಕ್ಕಿಂತ ಸುಲಭವಾದದ್ದು ಸೊಪ್ಪು, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿದ ರಾಗಿ ರೊಟ್ಟಿ.

ಇನ್ನೊಂದು ಮಾತು. ಊಟದ ನಡುವೆ ನೀರು ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಅನ್ನಕ್ಕೆ ತಿಳಿಸಾರು ಕಲಸಿ ಸುರಿದುಕೊಂಡರೆ ನೀರು ಕುಡಿದ ಹಾಗೆಯೇ ಆಗುತ್ತದೆಂಬುದನ್ನು ಮರೆಯಬೇಡಿ.

ಪಥ್ಯಾಹಾರ_ಧಾರವಾಡ

ನಾನು ಆಹಾರತಜ್ಞೆ, ಇಂತಹ ಶಸ್ತ್ರಚಿಕಿತ್ಸೆಯಾದವರ ಪಥ್ಯವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಿಮಗೆ ಆದದ್ದು ಎರಡು ಬೇರೆ ಬೇರೆ ಘಟನೆಗಳು, ಎರಡಕ್ಕೂ ಡಂಪಿಂಗ್ ಎಂದೇ ಹೆಸರು. ಮಾಮೂಲಿ ಜಠರವಿದ್ದಾಗ ಆಹಾರ ಅಲ್ಲಿ ಅರೆದು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ, ಬೈಪಾಸ್ ಆದ ಮೇಲೆ ಅದು ನೇರವಾಗಿ ಸಣ್ಣ ಕರುಳಿನ ನಡುಭಾಗಕ್ಕೆ ಬೀಳುತ್ತದೆ. ಬೆಲ್ಲದ ಅಂಬಲಿಯಂತಹ ಗಾಢವಾದ ಸಿಹಿ ದ್ರವ ಒಮ್ಮೆಲೇ ಅಲ್ಲಿಗೆ ಬಂದರೆ ಅದನ್ನು ತೆಳುವಾಗಿಸಲು ರಕ್ತದಿಂದ ನೀರು ಕರುಳಿನೊಳಕ್ಕೆ ನುಗ್ಗುತ್ತದೆ. ಎದೆಬಡಿತ, ಬೆವರು, ಹೊಟ್ಟೆನುಲಿತ ಬರುವುದು ಅದರಿಂದ, ತಿಂದ ಹತ್ತರಿಂದ ಮೂವತ್ತು ನಿಮಿಷದಲ್ಲಿ. ಕಡುಬಿನ ದಿನ ಆದದ್ದು ತಡವಾಗಿ ಬರುವ ಬಗೆ. ಸಕ್ಕರೆ ಬಹುಬೇಗ ರಕ್ತಕ್ಕೆ ಏರಿದ್ದರಿಂದ ಕರುಳಿನ ಹಾರ್ಮೋನುಗಳ ಪ್ರಚೋದನೆಯಿಂದ ಮೇದೋಜೀರಕ ಗ್ರಂಥಿ ಬೇಕಾದುದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ನಿಮ್ಮ ಅತ್ತೆಯವರು ಕಾಳಜಿಯಿಂದಲೇ ಕೊಟ್ಟ ಚೊಂಬು ಬೆಲ್ಲದ ನೀರು ಮತ್ತೊಮ್ಮೆ ಅದೇ ಚಕ್ರವನ್ನು ತಿರುಗಿಸಿತು.

ಈಗ ರಾಗಿಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ ರಾಗಿಯಲ್ಲಿ 364 ಮಿಲಿಗ್ರಾಂ. ಆದ್ದರಿಂದ ರಾಗಿ ಮೇಲು ಎನ್ನುವುದು ಸರಿ, ರಾಗಿಯನ್ನು ಎಷ್ಟಾದರೂ ತಿನ್ನಬಹುದು ಎನ್ನುವುದು ಸರಿಯಲ್ಲ. 30 ಗ್ರಾಂ ರಾಗಿ ಹಿಟ್ಟಿನಿಂದ 20 ಗ್ರಾಂ, 20 ಗ್ರಾಂ ಬೆಲ್ಲದಿಂದ 17 ಗ್ರಾಂ, ಒಟ್ಟು 37 ಗ್ರಾಂ ಕಾರ್ಬೋಹೈಡ್ರೇಟ್ ನಿಮ್ಮ ಲೋಟದಲ್ಲಿತ್ತೆಂದು ಇಟ್ಟುಕೊಳ್ಳಿ, ಅಷ್ಟೂ ಐದು ನಿಮಿಷದಲ್ಲಿ ಕರುಳಿಗೆ ಇಳಿದಿದೆ. 25 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆಯಲ್ಲಿ ಇರುವುದು 17 ಗ್ರಾಂ, ಅದನ್ನು ಅಗಿದು, ಕಾಳಿನ ಜೊತೆ, ಇಪ್ಪತ್ತು ನಿಮಿಷ ತೆಗೆದುಕೊಂಡು ತಿಂದರೆ ದೇಹ ಅದನ್ನು ಬೇರೆ ರೀತಿಯಲ್ಲೇ ಸ್ವೀಕರಿಸುತ್ತದೆ. ಬೆಲ್ಲ ಸಕ್ಕರೆಯಲ್ಲ ಎಂಬ ತಿಳಿವಳಿಕೆಯನ್ನು ದಯವಿಟ್ಟು ಬಿಡಬೇಕು.

ಎಷ್ಟು ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಸಂಖ್ಯೆಯಿಲ್ಲ. ಮೊದಲ ತಿಂಗಳುಗಳಲ್ಲಿ ಕಾರ್ಬೋಹೈಡ್ರೇಟನ್ನು ದಿನಕ್ಕೆ 50 ಗ್ರಾಂ ಆಸುಪಾಸು ಇಟ್ಟು, ಊಟದ ಪ್ರಮಾಣ ಹೆಚ್ಚಿದಂತೆ ನಿಧಾನವಾಗಿ 100ರಿಂದ 130 ಗ್ರಾಂವರೆಗೆ ಏರಿಸುವುದು ಸಾಮಾನ್ಯ ಪದ್ಧತಿ. ನಿಮ್ಮ ಅಂಕಿಯನ್ನು ನಿಮ್ಮ ಆಸ್ಪತ್ರೆಯವರೇ ನಿಗದಿಪಡಿಸಬೇಕು. ಅದಕ್ಕಿಂತ ಮುಖ್ಯವಾದದ್ದು ತಿನ್ನುವ ಕ್ರಮ. ಮೊಟ್ಟೆ, ಮೀನು, ಪನೀರ್, ಗಟ್ಟಿ ಕಾಳು ಮೊದಲು, ತರಕಾರಿ ಸೊಪ್ಪು ಆಮೇಲೆ, ಮುದ್ದೆ ಅನ್ನ ಕೊನೆಗೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ತುಂಬಿಸುವುದೇ ಕಷ್ಟವಾಗಿರುವಾಗ ಮೊದಲ ತುತ್ತು ಮುದ್ದೆಯದಾದರೆ ಮಿಕ್ಕದ್ದಕ್ಕೆ ಜಾಗವಿರುವುದಿಲ್ಲ. ನಿಮ್ಮ ಕಡೆಯ ಹುರುಳಿಕಾಳಿನ ಸಾರು ಒಳ್ಳೆಯದು, ಆದರೆ ಕಟ್ಟನ್ನು ಕುಡಿದು ಕಾಳನ್ನು ಬಿಟ್ಟರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿಯುತ್ತದೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಸುಮಾರು 15 ಗ್ರಾಂ ಗ್ಲುಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ತೆಗೆದುಕೊಂಡು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿದ ಕೂಡಲೇ ಒಂದು ಮೊಟ್ಟೆ ಅಥವಾ ಒಂದು ಹಿಡಿ ಹುರಿಗಡಲೆ ತಿನ್ನಿ. 52 ಎಂಬುದು ಲಘುವಾಗಿ ಬಿಡುವ ಅಂಕಿಯಲ್ಲ. ಹಬ್ಬದ ದಿನವೆಂದು ಸುಮ್ಮನಾಗದೆ ನಿಮ್ಮ ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಆಹಾರ ಬದಲಿಸಿದ ಮೇಲೂ ಹೀಗಾದರೆ ಅಕಾರ್ಬೋಸ್‌ನಂತಹ ಔಷಧಗಳಿವೆ, ಅದು ಅವರು ತೀರ್ಮಾನಿಸಬೇಕಾದ ವಿಷಯ. ಬಹಳ ಜನರಿಗೆ ಊಟದ ಕ್ರಮ ಸರಿಯಾದರೆ ಸಾಕಾಗುತ್ತದೆ.

ಹಳ್ಳಿಯಲ್ಲಿರುವುದರಿಂದ ಒಂದು ಎಚ್ಚರಿಕೆ. ಎರಡು ಮೂರು ದಿನ ಬಿಡದೆ ವಾಂತಿಯಾಗಿ ಸುಸ್ತಾದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಬಾಟಲಿ ಏರಿಸುವುದು ರೂಢಿ. ನಿಮ್ಮ ದೇಹದಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬರಿದಾಗಿದ್ದರೆ ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸುವುದರಿಂದ ಮಿದುಳಿಗೆ ಹಾನಿಯಾಗಬಹುದು. ಬೈಪಾಸ್ ಆಗಿದೆ, ಮೊದಲು ಥಯಾಮಿನ್ ಕೊಡಿ ಎಂದು ಮನೆಯವರು ಹೇಳುವಂತಿರಬೇಕು. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ದಾವಣಗೆರೆಯ_ಮಗಳು

ನನ್ನ ತಾಯಿಗೆ ಆದದ್ದು ಸ್ಲೀವ್, ಅಂದರೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುವ ಬಗೆ. ಅವರಿಗೆ ಎದೆಬಡಿತ, ಬೆವರು ಯಾವುದೂ ಬರಲಿಲ್ಲ, ಬರದೇ ಇದ್ದದ್ದರಿಂದಲೇ ನಾವು ಮೈಮರೆತೆವು. ಒಂದು ಚಪಾತಿಗೆ ಹೊಟ್ಟೆ ತುಂಬಿತೆನ್ನುವವರು ಸಂಜೆ ಒಂದು ಬುಟ್ಟಿ ಮಂಡಕ್ಕಿಯನ್ನು ಟಿವಿ ನೋಡುತ್ತಾ ಮುಗಿಸುತ್ತಿದ್ದರು. ಬಾಯಲ್ಲಿ ಕರಗಿ ಇಳಿದುಹೋಗುವ ಮಂಡಕ್ಕಿ, ರಸ್ಕ್, ಚಹಾದಲ್ಲಿ ಅದ್ದಿದ ಬಿಸ್ಕತ್ತು ಚೀಲದಲ್ಲಿ ನಿಲ್ಲುವುದೇ ಇಲ್ಲ, ತುಂಬಿದ ಅರಿವೂ ಆಗುವುದಿಲ್ಲ. ಮೂರನೆಯ ವರ್ಷದಲ್ಲಿ ಇಳಿದಿದ್ದ ತೂಕದಲ್ಲಿ ಒಂಬತ್ತು ಕಿಲೋ ವಾಪಸು ಬಂತು. ಈಗ ಸಂಜೆಗೆ ಉಸಲಿ ಅಥವಾ ಬೇಯಿಸಿದ ಶೇಂಗಾ ಕೊಡುತ್ತೇನೆ, ಅದೂ ತಟ್ಟೆಯಲ್ಲಿ ಹಾಕಿಕೊಟ್ಟು ಡಬ್ಬಿಯನ್ನು ಒಳಗಿಡುತ್ತೇನೆ. ಅವರಿಗೆ ಅದು ಮಗಳ ಶಿಸ್ತೆಂದು ಮೊದಮೊದಲು ನೋವಾಗಿತ್ತು. ಅಕ್ಕಾ, ನಿಮ್ಮ ಮನೆಯವರನ್ನೂ ಕೂರಿಸಿಕೊಂಡು ಇದನ್ನೆಲ್ಲ ಓದಿಸಿ, ಬಡಿಸುವವರಿಗೆ ತಿಳಿಯದೆ ಪಥ್ಯ ನಡೆಯುವುದಿಲ್ಲ.

ಹೇಮಾವತಿ_ತೀರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಬೆಂಗಳೂರಿಗೆ ಹೋಗಿ ವೈದ್ಯರನ್ನು ಕಂಡೆ. ಗ್ಲುಕೋಸ್ ಕುಡಿಸಿ ಮಾಡುವ ಮಾಮೂಲಿ ಪರೀಕ್ಷೆ ನನ್ನಂಥವರಿಗೆ ತಕ್ಕದ್ದಲ್ಲ, ಅದೇ ಡಂಪಿಂಗ್ ತರಿಸುತ್ತದೆ ಎಂದು ಹೇಳಿ, ಊಟ ಕೊಟ್ಟು ಸಕ್ಕರೆ ಅಳೆದರು. ಸದ್ಯಕ್ಕೆ ದಿನಕ್ಕೆ 90 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಗೊತ್ತುಮಾಡಿದ್ದಾರೆ, ಔಷಧ ಕೊಟ್ಟಿಲ್ಲ. ಅಂಬಲಿಗೆ ಬೆಲ್ಲದ ಬದಲು ಮಜ್ಜಿಗೆ ಹಾಕಿ, ಅರ್ಧ ಲೋಟವನ್ನು ಮೊಟ್ಟೆ ತಿಂದು ಮುಕ್ಕಾಲು ಗಂಟೆಯಾದ ಮೇಲೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದೇನೆ, ಏನೂ ಆಗಿಲ್ಲ. ಮುದ್ದೆ ಅಗಿಯುವುದು ಇನ್ನೂ ಕೈಗೂಡಿಲ್ಲ, ಅದಕ್ಕೆ ರೊಟ್ಟಿ ತಟ್ಟಿಕೊಳ್ಳುತ್ತಿದ್ದೇನೆ. ಥಯಾಮಿನ್ ಚೀಟಿಯನ್ನು ಅತ್ತೆಯವರೇ ನನ್ನ ಮಗನಿಂದ ದೊಡ್ಡ ಅಕ್ಷರದಲ್ಲಿ ಬರೆಸಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ.