ಅಮ್ಮನ ನಂತರ ತಮ್ಮ ಎಲ್ಲಿರಬೇಕು? – ಓದುಗರ ಸ್ಪಂದನ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಬಳಿ ತವರುಮನೆಯಿರುವ ಓದುಗಿಯೊಬ್ಬರು ಹೀಗೆ ಬರೆದಿದ್ದರು: "ತಮ್ಮನಿಗೆ 41 ವರ್ಷ. ತುಂಬಾ ವರ್ಷಗಳಿಂದ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಮದ್ದು ಸರಿಯಾಗಿ ತೆಗೆದುಕೊಂಡರೆ ಶಾಂತವಾಗಿರುತ್ತಾನೆ, ತಪ್ಪಿದರೆ ರಾತ್ರಿಯಿಡೀ ಅಂಗಳದಲ್ಲಿ ನಡೆಯುತ್ತಾನೆ. ಅಪ್ಪ ರೈಲ್ವೆಯಲ್ಲಿದ್ದರು, ಈಗ ಇಲ್ಲ. 74 ವರ್ಷದ ಅಮ್ಮನೇ ಅವನನ್ನು ನೋಡಿಕೊಳ್ಳುವುದು. ನಾನು ಮದುವೆಯಾಗಿ ಪುತ್ತೂರಿನಲ್ಲಿದ್ದೇನೆ. ಎಲ್ಲಾದರೂ ಆಶ್ರಮಕ್ಕೆ ಸೇರಿಸಿಬಿಡಿ ಎಂದು ನೆಂಟರು ಹೇಳುತ್ತಾರೆ. ಅಮ್ಮನಿಗೆ ಮನಸ್ಸಿಲ್ಲ. ಏನು ಮಾಡಲಿ?" ಅವರಿಗೆ ಓದುಗರು ಬರೆದ ಉತ್ತರಗಳು ಇಲ್ಲಿವೆ.

ತಂಗೀ, ಅಮ್ಮ ಗಟ್ಟಿಯಾಗಿರುವಾಗಲೇ ಶುರು ಮಾಡಿ. ಅಮ್ಮ ಹೋದ ಮರುದಿನ ಹೊಸ ಜಾಗ, ಹೊಸ ಜನ ಎಂದರೆ ಅವನು ತಡೆದುಕೊಳ್ಳಲಾರ.

ನನ್ನ ಮಗನಿಗೂ ಇದೇ ಕಾಯಿಲೆ. ನಮ್ಮ ಮನೆಗೆ ತಾಗಿ ಅಡಿಕೆ ಹಾಕಿಡುವ ಕೋಣೆಯೊಂದಿತ್ತು. ಅದಕ್ಕೆ ನೆಲ ಹಾಕಿಸಿ, ಬಚ್ಚಲು, ಕಕ್ಕಸು ಕಟ್ಟಿಸಿ ಅವನಿಗೇ ಬಿಟ್ಟುಕೊಟ್ಟೆವು. ಒಳಗಿನಿಂದ ಚಿಲಕವಿದೆ, ಹೊರಗಿನಿಂದ ಬೀಗವಿಲ್ಲ. ಬೆಳಗ್ಗಿನ ಚಹಾ ಅವನೇ ಮಾಡಿಕೊಳ್ಳುತ್ತಾನೆ. ಮಧ್ಯಾಹ್ನದ ಊಟವನ್ನು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದಲ್ಲಿರುವ ನೆರೆಮನೆಯ ಹೆಂಗಸು ತಂದುಕೊಡುತ್ತಾರೆ. ತಿಂಗಳಿಗೆ ಇಷ್ಟು ಎಂದು ಹಣ ಕೊಡುತ್ತೇವೆ. ಪುಕ್ಕಟೆ ಮಾಡಿಸಿದರೆ ನಾಲ್ಕು ದಿನ ನಡೆಯುತ್ತದೆ, ಅಷ್ಟೇ. ಮದ್ದಿಗೆ ವಾರದ ಡಬ್ಬಿ ಇದೆ, ದಿನಕ್ಕೆ ಎರಡು ಖಾನೆ. ಊಟ ತರುವಾಗ ಅವರು ನಿನ್ನೆ ರಾತ್ರಿಯ ಖಾನೆಯ ಮೇಲೆ ಕಣ್ಣು ಹಾಯಿಸುತ್ತಾರೆ. ಮಾತ್ರೆ ಹಾಗೇ ಇದ್ದರೆ ಅವನಿಗೆ ಏನೂ ಹೇಳುವುದಿಲ್ಲ, ನನಗೆ ಫೋನ್ ಮಾಡುತ್ತಾರೆ.

ಮೊದಮೊದಲು ಪಾತ್ರೆ ಸೀದುಹೋಯಿತು, ಬಟ್ಟೆ ಒಗೆಯದೆ ಬಿದ್ದಿತ್ತು. ನಾನು ಬಾಯಿ ಬಿಗಿಹಿಡಿದೆ. ಮನೆಯವರು ಸದಾ ತಪ್ಪು ಹುಡುಕುತ್ತಿದ್ದರೆ ಈ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ತಾಯಂದಿರಿಗೆ ಸುಮ್ನೆ ಇರುವುದೇ ಎಲ್ಲಕ್ಕಿಂತ ಕಷ್ಟ, ಅಲ್ವಾ?

ನೆಂಟರಿಗೆ ಒಂದು ಮಾತು ಕೇಳಿ ನೋಡಿ: ವಾರಕ್ಕೊಮ್ಮೆ ಅವನನ್ನು ಪೇಟೆಗೆ ಕರೆದುಕೊಂಡು ಹೋಗುತ್ತೀರಾ? ನಾನು ಕೇಳಿದಾಗ ನನ್ನ ತಮ್ಮ ಒಪ್ಪಿದ. ಈಗ ಶನಿವಾರ ಮಾವ ಅಳಿಯ ಇಬ್ಬರೂ ಸೆಲೂನು, ಬೇಕರಿ ಮುಗಿಸಿ ಬರುತ್ತಾರೆ.
– ಒಬ್ಬ ತಾಯಿ, ಪೆರ್ಲ

ನಾನು ನಿವೃತ್ತ ನರ್ಸ್. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 19ನೇ ಸೆಕ್ಷನ್ ನಿಮ್ಮಂಥವರಿಗಾಗಿಯೇ ಇದೆ. ಮನೆಯವರಿಲ್ಲ, ಮನೆಯವರು ಸೇರಿಸುವುದಿಲ್ಲ, ಊರಲ್ಲಿ ವ್ಯವಸ್ಥೆಯಿಲ್ಲ ಎಂಬ ಕಾರಣಕ್ಕೇ ಒಬ್ಬರನ್ನು ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಮಾಜದ ನಡುವೆ ಬದುಕುವುದು ಅವರ ಹಕ್ಕು. ಹಾಫ್‌ವೇ ಹೋಮ್ (ಆಸ್ಪತ್ರೆ ಬಿಟ್ಟವರು ಮನೆ ಸೇರುವ ಮೊದಲು ಇರುವ ಜಾಗ), ನೆರವು ಇರುವ ವಸತಿ ಇವನ್ನೆಲ್ಲ ಸರಕಾರ ಒದಗಿಸಬೇಕು ಎಂದು 18ನೇ ಸೆಕ್ಷನ್ ಹೇಳುತ್ತದೆ. ಕಾನೂನಿನಲ್ಲಿರುವಷ್ಟು ಮನೆಗಳು ಊರಿನಲ್ಲಿಲ್ಲ, ನಿಜ. ಆದರೂ ಪಂಚಾಯತಿಗೆ, ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಕೇಳಿದವರೇ ಇಲ್ಲ ಎಂದು ನಾಳೆ ಅವರು ಹೇಳುವಂತಾಗಬಾರದು.

ಚೆನ್ನೈಯಲ್ಲಿ 1993ರಲ್ಲಿ ಶುರುವಾದ ದಿ ಬ್ಯಾನಿಯನ್ ಸಂಸ್ಥೆ 'ಹೋಮ್ ಅಗೇನ್' ಎಂಬ ಕೆಲಸ ಮಾಡುತ್ತಿದೆ. ಸಾಮಾನ್ಯ ಬೀದಿಯಲ್ಲಿ ಒಂದು ಬಾಡಿಗೆ ಮನೆ, ನಾಲ್ಕೈದು ಜನ, ಜೊತೆಗೆ ಸಹಾಯಕ್ಕೊಬ್ಬರು. ಕೇರಳದಲ್ಲೂ, ಮಲಪ್ಪುರಂ ಕಡೆ, ಇಂಥ ಮನೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ಒಳ್ಳೆಯ ಮಾದರಿ ಎಂದು ತೋರಿಸಿದೆ. ತಮ್ಮನನ್ನು ಅಲ್ಲಿಗೆ ಕಳಿಸಿ ಎನ್ನುತ್ತಿಲ್ಲ. ಬೀದಿಯಲ್ಲಿದ್ದವರು, ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದವರು ಅಲ್ಲಿ ಅಡುಗೆ ಮಾಡಿಕೊಂಡು ಸಂಸಾರಸ್ಥರ ಹಾಗೆ ಬದುಕುತ್ತಿದ್ದಾರೆ. ಹಾಗಿರುವಾಗ ಹುಟ್ಟಿದ ಊರಲ್ಲೇ ಇರುವ ನಿಮ್ಮ ತಮ್ಮನಿಗೆ ಯಾಕಾಗಬಾರದು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ನಿಮ್ಮ ಹತ್ತಿರದ ಯಾವ ಸರಕಾರಿ ಆಸ್ಪತ್ರೆಗೆ, ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮದ್ದು ಅಲ್ಲಿ ಉಚಿತ. ಮಾತ್ರೆ ತಪ್ಪುವುದೇ ತೊಂದರೆಯಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ತಮ್ಮನಿಗೆ ಆದೀತೇ ವಿಚಾರಿಸಿ. ಇನ್ನೊಂದು ವಿಷಯ. ನಮ್ಮ ಕಡೆ ಡಾಕ್ಟರು ಹೆಚ್ಚಾಗಿ ಮಲಯಾಳದಲ್ಲೇ ಮಾತಾಡಿಸುತ್ತಾರೆ. ಮನೆಯಲ್ಲಿ ಕನ್ನಡ, ತುಳು ಆಡುವವನು ಕಾಯಿಲೆಯಿಂದಾಗಿ ಕಿವಿಯಲ್ಲಿ ಕೇಳುವ ಬೈಗುಳವನ್ನು ಬೇರೆ ಭಾಷೆಯಲ್ಲಿ ಹೇಳಲಾರದೆ 'ಕೊೞಪ್ಪಮಿಲ್ಲ' (ತೊಂದರೆಯಿಲ್ಲ) ಎಂದು ಎದ್ದು ಬರುತ್ತಾನೆ. ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ.
– ಕುಂಬಳೆಯ ಓದುಗಿ

ಅಕ್ಕಾ, ನಿಮ್ಮ ಪತ್ರದಲ್ಲಿ ಅಮ್ಮ ಏನು ಹೇಳುತ್ತಾರೆ, ನೆಂಟರು ಏನು ಹೇಳುತ್ತಾರೆ ಎಲ್ಲಾ ಇದೆ. ತಮ್ಮ ಏನು ಹೇಳುತ್ತಾನೆ ಎಂಬುದಿಲ್ಲ. ದಯವಿಟ್ಟು ಅವನನ್ನು ಕೇಳಿ.

ನನಗೂ ಈ ಕಾಯಿಲೆ ಇದೆ. ದೇವಸ್ಥಾನಕ್ಕೆ ಎಂದು ಹೇಳಿ ಕರೆದುಕೊಂಡು ಹೋಗಿ ನನ್ನನ್ನು ಒಂದು ಕಡೆ ಬಿಟ್ಟುಬಂದಿದ್ದರು. ಅಲ್ಲಿ ಯಾರೂ ಹೊಡೆಯಲಿಲ್ಲ. ಆದರೆ ಒಡೆದು ಕೈ ಕೊಯ್ದುಕೊಳ್ಳುತ್ತೀಯ ಎಂದು ನನ್ನ ಕನ್ನಡಕ ತೆಗೆದಿಟ್ಟರು. ಪೇಪರ್ ಓದಲಾಗಲಿಲ್ಲ, ಎದುರಿಗಿದ್ದವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಬಹಳ ಸಮಯ ಮನೆಯವರ ಜೊತೆ ಕಾರು ಹತ್ತಲು ಹೆದರುತ್ತಿದ್ದೆ. ಈಗ ಟೈಲರ್ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುತ್ತೇನೆ. ಹಿಂದಿನ ಕೋಣೆಯಲ್ಲಿ ವಾಸ. ಧ್ವನಿಗಳು ಪೂರ್ತಿ ಹೋಗಿಲ್ಲ. ಜಾಸ್ತಿಯಾದರೆ ಅಂಗಡಿಯವರಿಗೆ ಹೇಳುತ್ತೇನೆ, ಅವರು ಅಕ್ಕನಿಗೆ ಫೋನ್ ಮಾಡುತ್ತಾರೆ.

ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ತಮ್ಮನೇ ಆರಿಸಬಹುದು. 2017ರ ಕಾಯ್ದೆಯಲ್ಲೇ ಇದೆ. ಬಿಳಿ ಹಾಳೆಯಲ್ಲಿ ಬರೆದು ಅವನು ಸಹಿ ಹಾಕಿದರೆ ಸಾಕು. ನಾನು ಅಕ್ಕನ ಹೆಸರು ಬರೆದಿದ್ದೇನೆ.
– ಉಪ್ಪಳದ ಓದುಗ

ಆಶ್ರಮವೇ ಬೇಡ ಎಂದು ನಾನು ಹೇಳಲಾರೆ. ಕೆಲವರಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ನೋಡದೆ ಸೇರಿಸಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ ಸಂಕೋಲೆ ಹಾಕಿದ್ದ 28 ಜನ ಸತ್ತುಹೋದರು. ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ಕಕ್ಕಸು ನೋಡಿ, ಬೀಗ ಯಾವ ಕಡೆ ಇದೆ ನೋಡಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ಅಲ್ಲಿರುವವರ ಹತ್ತಿರ ಮಾತಾಡಲು ಬಿಡದಿದ್ದರೆ ಎದ್ದು ಬನ್ನಿ.
– ಮುಳ್ಳೇರಿಯದ ಶಿಕ್ಷಕಿ

ಅಪ್ಪ ರೈಲ್ವೆ ಎಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ರೈಲ್ವೆಯವನೇ. ಈಗ ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಬರುತ್ತಿರಬೇಕು. ಕಾಯಿಲೆಯಿಂದಾಗಿ ದುಡಿದು ಬದುಕಲು ಆಗದ ಮಗನಿಗೆ ಅಮ್ಮನ ನಂತರ ಅದು ಜೀವನಪೂರ್ತಿ ಸಿಗುತ್ತದೆ, ಬೇರೆ ಮಕ್ಕಳಿಗಿರುವ 25 ವರ್ಷದ ವಯಸ್ಸಿನ ಮಿತಿ ಅವನಿಗಿಲ್ಲ. ಅಮ್ಮ ಇರುವಾಗಲೇ ಅರ್ಜಿ ಕೊಟ್ಟು ಅವನ ಹೆಸರನ್ನು ಪೆನ್ಶನ್ ಆದೇಶದಲ್ಲಿ ಸೇರಿಸಬಹುದು. ಆಮೇಲೆ ಅಲೆದಾಟ ಜಾಸ್ತಿ. ಮೊದಲು ಮೆಡಿಕಲ್ ಬೋರ್ಡಿನ ಅಂಗವೈಕಲ್ಯ ಸರ್ಟಿಫಿಕೇಟ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ, ಹೆಚ್ಚಿನ ಸವಲತ್ತುಗಳಿಗೆ 40 ಶೇಕಡಾ ಬೇಕು. ಸರಕಾರಿ ಆನ್‌ಲೈನ್ ಅರ್ಜಿಗಳಿಗಾಗಿರುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಕೊಡುತ್ತಾರೆ. ನ್ಯಾಷನಲ್ ಟ್ರಸ್ಟ್‌ಗೆ ಹೋಗಿ ಎಂದು ಯಾರಾದರೂ ಹೇಳಿಯಾರು. ಅದು ಆಟಿಸಂ, ಬುದ್ಧಿಮಾಂದ್ಯದಂಥವರಿಗೆ, ಸ್ಕಿಜೋಫ್ರೇನಿಯಾಕ್ಕೆ ಅಲ್ಲ. ಅವನನ್ನು ಗಡಿ ದಾಟಿಸಿ ಪುತ್ತೂರಿಗೆ ಕರೆದುಕೊಳ್ಳುವ ಮೊದಲು ಕೇರಳದ ಯಾವ ಸವಲತ್ತು ತಪ್ಪುತ್ತದೆ ಎಂದೂ ವಿಚಾರಿಸಿ. ಮನೆ ಯಾರ ಹೆಸರಿಗೆ, ಅದರಲ್ಲಿ ಅವನಿಗೆ ಕೊನೆತನಕ ಇರುವ ಹಕ್ಕು ಇದೆಯಾ ಎಂಬುದನ್ನು ವಕೀಲರ ಹತ್ತಿರ ಕೂತು ಅಮ್ಮನ ವೀಲುನಾಮೆಯಲ್ಲಿ ಬರೆಸಿ. ಪೆನ್ಶನ್ ಅರ್ಜಿಗೆ ಅಮ್ಮನ ಸಹಿಯನ್ನು ಮಾತ್ರ ಈ ತಿಂಗಳೇ ಹಾಕಿಸಿ.
– ಮಂಜೇಶ್ವರದ ಓದುಗ