ಓರ್ಕಾಗಳಿಗೆ ಹಾಯಿದೋಣಿಯ ಚುಕ್ಕಾಣಿ ಮೇಲೇ ಯಾಕೆ ಕಣ್ಣು?

ಪ್ರಶ್ನೆ: ಸ್ಪೇನ್, ಪೋರ್ಚುಗಲ್ ಕಡೆ ಓರ್ಕಾಗಳು (ಕಿಲ್ಲರ್ ವೇಲ್ ಅನ್ನುವ ಕಡಲ ಪ್ರಾಣಿಗಳು) ದೋಣಿ ಮುಳುಗಿಸುತ್ತಿವೆಯಂತೆ. ಒಂದು ಹೆಣ್ಣು ಓರ್ಕಾಗೆ ದೋಣಿ ಬಡಿದು ಪೆಟ್ಟಾಗಿತ್ತು, ಅದರ ಸೇಡು ಇದು ಅಂತಾರೆ. ನಿಜವಾ ಮೇಡಂ?

ಉತ್ತರ (ಕಡಲ ಸಸ್ತನಿ ತಜ್ಞೆ): ಸೇಡಿನ ಕಥೆಗೆ ಪುರಾವೆ ಇಲ್ಲ. 2020ರಲ್ಲಿ ಜಿಬ್ರಾಲ್ಟರ್ ಜಲಸಂಧಿಯ ಕಡೆ ಶುರುವಾಗಿ ಉತ್ತರಕ್ಕೆ ಸ್ಪೇನ್‌ನ ವಾಯುವ್ಯ ಮೂಲೆಯ ಗಲೀಸಿಯಾವರೆಗೂ ಹಬ್ಬಿದ ಚಾಳಿ ಇದು. ಐಬೀರಿಯಾ, ಅಂದರೆ ಸ್ಪೇನ್-ಪೋರ್ಚುಗಲ್ ಕರಾವಳಿಯ ಈ ಓರ್ಕಾಗಳು ಎಲ್ಲಾ ಸೇರಿದರೂ ಐವತ್ತು ದಾಟುವುದಿಲ್ಲ. ದೋಣಿಗೆ ಬರುವುದು ಅವುಗಳಲ್ಲೂ ಕೆಲವು ಮಾತ್ರ, ಹೆಚ್ಚಿನವು ಎಳೆಯವು. ಹೊಟ್ಟೆಪಾಡಿಗೆ ಅವಕ್ಕೆ ಬ್ಲೂಫಿನ್ ಟ್ಯೂನಾ ಮೀನು ಇದೆ. ದೋಣಿ ಸಿಕ್ಕರೆ ನೇರ ಹಿಂಭಾಗಕ್ಕೆ ಹೋಗಿ ಚುಕ್ಕಾಣಿಯನ್ನು ತಲೆಯಿಂದ ತಳ್ಳುತ್ತವೆ. ಮುರಿದು ಬಿದ್ದ ಮೇಲೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತವೆ. ಒಳಗಿದ್ದ ಜನರ ಮೇಲೆ ಎರಗಿದ್ದಿಲ್ಲ. ಕೋಪದ ಲಕ್ಷಣ ಇದಲ್ಲ. 1987ರಲ್ಲಿ ಅಮೆರಿಕದ ವಾಯುವ್ಯ ಕರಾವಳಿಯ ಓರ್ಕಾಗಳು ಸತ್ತ ಸಾಲ್ಮನ್ ಮೀನನ್ನು ತಲೆ ಮೇಲೆ ಹೊತ್ತು ತಿರುಗುವ ಗೀಳು ಹಚ್ಚಿಕೊಂಡಿದ್ದವು, ಆಮೇಲೆ ತಾವೇ ಬಿಟ್ಟವು. ಇದೂ ಅಂಥದ್ದೇ ಒಂದು ಆಟ ಅನ್ನುವುದು ಬಹುಪಾಲು ತಜ್ಞರ ಅಭಿಪ್ರಾಯ, ನನ್ನದೂ ಅದೇ.

ಪ್ರಶ್ನೆ: ಬರೀ ಆಟ ಅಂದರೆ ದೋಣಿ ಮುಳುಗುವುದು ಹೇಗೆ?

ಉತ್ತರ (ದೋಣಿ ದುರಸ್ತಿ ತಂತ್ರಜ್ಞ): ಚುಕ್ಕಾಣಿಯ ಹಲಗೆ ಮಾತ್ರ ಮುರಿದರೆ ದೋಣಿ ಮುಳುಗಲ್ಲ. ಈಗಿನ ಬಹಳಷ್ಟು ಹಾಯಿದೋಣಿಗಳಲ್ಲಿ ಹಲಗೆಗೆ ಕೆಳಗಡೆ ಆಸರೆಯೇ ಇರಲ್ಲ, ಒಂದೇ ದಂಡದಿಂದ ಇಳಿಬಿದ್ದಿರುತ್ತದೆ. ಟನ್‌ಗಟ್ಟಲೆ ತೂಕದ ಪ್ರಾಣಿ ಅದರ ಕೆಳತುದಿಯನ್ನು ಪಕ್ಕಕ್ಕೆ ಒತ್ತಿದರೆ ಆ ಬಲವೆಲ್ಲ ಮೇಲೆ, ದಂಡ ದೋಣಿಯೊಳಕ್ಕೆ ಬರುವ ಕೊಳವೆಯ ಬುಡಕ್ಕೆ ಬೀಳುತ್ತದೆ. ಹಲಗೆ ಮುರಿಯಲಿಲ್ಲ, ದಂಡವೂ ಬಾಗಲಿಲ್ಲ ಅಂದರೆ ಕೊಳವೆ ಸುತ್ತಲಿನ ಫೈಬರ್‌ಗ್ಲಾಸೇ ಸೀಳುತ್ತದೆ. ನೀರು ನುಗ್ಗುವುದು ಅಲ್ಲಿಂದ. ಚುಕ್ಕಾಣಿ ಗಟ್ಟಿಯಿದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು!

ಹಾಗಾಗಿ ಹೊರಡುವ ಮೊದಲೇ ಕೊಳವೆ ಇರುವ ಕಪಾಟು ಖಾಲಿ ಮಾಡಿ, ಕೈ ಹಾಕುವಂತಿರಲಿ. ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಓಡಿಸಿ ನೋಡಿ. ಬಿರುಕಿಗೆ ತುರುಕಲು ದಿಂಬು, ಮರದ ಬೆಣೆ, ಒತ್ತಿ ಹಿಡಿಯಲು ಹಲಗೆ ತುಂಡು ಅಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಎದುರಾದರೆ ಎಂಜಿನ್ ಬಂದ್ ಮಾಡಿ ಸುಮ್ಮನಿರಬೇಕಾ ಸರ್?

ಉತ್ತರ (ಅದೇ ತಂತ್ರಜ್ಞ): ಅದು ಮೊದಲಿನ ಸಲಹೆ. ಸ್ಪೇನ್ ಸರ್ಕಾರ ಈಗ ಹೇಳುವುದು ಬೇರೆ: ನಿಲ್ಲಿಸಬೇಡಿ, ಎಂಜಿನ್ ಹಾಕಿ ಆಳ ಕಡಿಮೆ ಇರುವ ದಡದ ಕಡೆ ಸಾಗಿ. 20 ಮೀಟರ್‌ಗಿಂತ ಕಡಿಮೆ ಆಳ ಸಿಕ್ಕರೆ ವಾಸಿ. ಚುಕ್ಕಾಣಿಗೆ ಗುದ್ದು ಬೀಳುತ್ತಿರುವಾಗ ಚಕ್ರ ಹಿಡಿದು ಜಗ್ಗಾಡಬೇಡಿ, ಅದು ಗಿರ್ರನೆ ತಿರುಗಿ ಕೈ ಮುರಿದೀತು. ಅಂಚಿಗೆ ಹೋಗಿ ಫೋಟೋ ತೆಗೆಯುವುದು ಬೇಡ, ನಡುವೆ ಕೂತಿರಿ. ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ ಚಾನೆಲ್ 16ರಲ್ಲಿ ತಿಳಿಸಿ. ಅವನ್ನು ಓಡಿಸಲು ಪಟಾಕಿ ಹಚ್ಚುವುದು, ಡೀಸೆಲ್ ಗೀಸೆಲ್ ಸುರಿಯುವುದು ಕಾನೂನುಬಾಹಿರ.

ಸೇರ್ಪಡೆ (ತಜ್ಞೆ): ದಡ ಹಿಡಿದು ಹೋಗುವವರು ಇನ್ನೊಂದು ನೋಡಿಕೊಳ್ಳಿ. ವಸಂತದಲ್ಲಿ ದಕ್ಷಿಣ ಸ್ಪೇನ್‌ನ ಕರಾವಳಿ ಊರುಗಳಾದ ಕೊನಿಲ್, ಜಹಾರಾ, ಬಾರ್ಬಾತೆ, ತರೀಫಾ ಬಳಿ ಟ್ಯೂನಾ ಹಿಡಿಯುವ ದೊಡ್ಡ ಬಲೆಗಳನ್ನು ದಡದಿಂದ ಕಡಲಿಗೆ ಅಡ್ಡಲಾಗಿ ಕಟ್ಟಿರುತ್ತಾರೆ. ಆ ವರ್ಷದ ನಕ್ಷೆ ನೋಡದೆ ರಾತ್ರಿ ಅಲ್ಲಿ ಹೋದರೆ ಪ್ರೊಪೆಲರ್‌ಗೆ ಹಗ್ಗ ಸುತ್ತಿಕೊಳ್ಳುತ್ತದೆ.